ನಾನು ಸೇರಿಸಿದ ಹತ್ತು ತಿಂಗಳು

ನವೆಂಬರ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ನ್ಯಾಯಾಲಯದ ಮೂರನೆಯ ಮಹಡಿಯಲ್ಲಿರುವ ಸರ್ಕಾರಿ ವಕೀಲರ ಕೊಠಡಿ. ಹಾಜರಿದ್ದವರು ನಾಲ್ವರು: ಮೊಕದ್ದಮೆ ನಡೆಸುತ್ತಿದ್ದ ಸರ್ಕಾರಿ ವಕೀಲೆ, ತನಿಖೆ ಮಾಡಿದ ಮಹಿಳಾ ಸಬ್ ಇನ್ಸ್‌ಪೆಕ್ಟರ್, ಹುಡುಗಿಯ ತಾಯಿ ಮತ್ತು ನಾನು. ಮೇಜಿನ ಮೇಲೆ ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರ್ ಇತ್ತು.

ಜೆ.ಪಿ. ನಗರದ ಆಚೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನಿವೃತ್ತಳಾಗಿ ಹನ್ನೊಂದು ವರ್ಷವಾಗಿದೆ. ಗಿರಿನಗರದ ಮನೆಗೆ ಸಮನ್ಸ್ ಬಂದಾಗ, ಯಾವುದೋ ಹಳೆಯ ವರ್ಗಾವಣೆ ಪತ್ರದ ವಿಷಯವಿರಬಹುದೆಂದು ತಿಳಿದು, ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಹೋಗಿ ಕುಳಿತಿದ್ದೆ.

ವಕೀಲೆ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. "ಇದು ನಿಮ್ಮ ಅಕ್ಷರಾನಾ ಮೇಡಂ?"

"ನನ್ನದೇ."

"ಈ ಹುಡುಗಿ ಹುಟ್ಟಿದ ದಿನ ಜೂನ್ ಒಂದು ಅಂತ ಬರೆದಿದೀರ. ಆಧಾರ ಅನ್ನೋ ಕಾಲಂನಲ್ಲಿ ಪೋಷಕರ ಹೇಳಿಕೆ ಅಂತಿದೆ. ಯಾರು ಹೇಳಿದ್ದು?"

ತಾಯಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ನಾನು ರಿಜಿಸ್ಟರನ್ನು ನೋಡಿ ಹೇಳಿದೆ: "ಬರೆದ ಪ್ರಕಾರ, ಪೋಷಕರೇ."

ಅದು ಸುಳ್ಳು. ತಾಯಿ ಸೆರಗಿನ ತುದಿಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಆಮೇಲೆ ವಕೀಲೆ ಮೊಕದ್ದಮೆಯ ಸ್ಥಿತಿಯನ್ನು ವಿವರಿಸಿದರು. ಹುಡುಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಬರೆಯಲೂ ಕೂಡದು. ಎಂಟನೆಯ ತರಗತಿಗೆ ಓದು ಬಿಟ್ಟವಳು. ಎರಡು ವರ್ಷದ ಹಿಂದೆ ಸೆಪ್ಟೆಂಬರ್‌ನಲ್ಲಿ, ಪರಿಚಯದ ಬ್ಯೂಟಿ ಪಾರ್ಲರ್ ಹೆಂಗಸು ಕೆಲಸ ಕಲಿಸುತ್ತೇನೆಂದು ಅವಳನ್ನು ಬಿ.ಟಿ.ಎಂ. ಬಡಾವಣೆಯ ಒಂದು ಮನೆಗೆ ಕರೆದೊಯ್ದು, ಅಲ್ಲಿಂದ ಬೇರೆ ಊರಿನ ಒಬ್ಬ ಗಂಡಸಿನ ಕೈಗೆ ದುಡ್ಡಿಗೆ ಒಪ್ಪಿಸಿದಳು. ನಲವತ್ತೊಂದು ದಿನಗಳ ನಂತರ ಪೊಲೀಸರು ಹುಡುಗಿಯನ್ನು ಹೊರತಂದರು. ಹೆಂಗಸೂ ಆ ಗಂಡಸೂ ಅಂದಿನಿಂದ ಜೈಲಿನಲ್ಲಿದ್ದಾರೆ. ಸಾಕ್ಷಿಗಳೆಲ್ಲ ಗಟ್ಟಿಯಾಗಿದ್ದರು, ಅಪರಾಧ ಸಾಬೀತಾಗುವ ವಿಷಯದಲ್ಲಿ ವಕೀಲೆಗೆ ಅನುಮಾನವಿರಲಿಲ್ಲ.

"ತೊಂದರೆ ಇರೋದು ಶಿಕ್ಷೆಯಲ್ಲಿ" ಎಂದರು. "ಹುಡುಗಿಗೆ ಹದಿನೆಂಟು ತುಂಬಿರಲಿಲ್ಲ ಅಂದ್ರೆ ಕಡಿಮೆ ಅಂದ್ರೂ ಹತ್ತು ವರ್ಷ, ಜೀವಾವಧಿವರೆಗೂ ಕೇಳಬಹುದು. ನಾನು ಕೇಳೋದೂ ಅದನ್ನೇ. ತುಂಬಿತ್ತು ಅಂದ್ರೆ ಏಳರಿಂದ ಹತ್ತು. ಮಕ್ಕಳ ಮೇಲಿನ ಅಪರಾಧದ ಕಲಮುಗಳೂ ಬಿದ್ದುಹೋಗ್ತವೆ. ಈಗಾಗ್ಲೇ ಎರಡು ವರ್ಷ ಒಳಗಿದ್ದಾರೆ, ಅದನ್ನೂ ಕಳೀತಾರೆ."

ಪೊಲೀಸರು ಮೂಳೆಯ ಎಕ್ಸ್-ರೇ ಪರೀಕ್ಷೆಯನ್ನು ನಂಬಿಕೊಂಡಿದ್ದರು. ಅದು ಹದಿನೇಳರಿಂದ ಹತ್ತೊಂಬತ್ತು ಎಂದಷ್ಟೇ ಹೇಳಿತ್ತು. ಆರೋಪಿಗಳ ವಕೀಲರು ಶಾಲೆಗೆ ಹೋಗಿ ನನ್ನ ರಿಜಿಸ್ಟರಿನ ನಕಲು ತಂದು ಹಾಕಿದ್ದರು. ಅದರ ಪ್ರಕಾರ ಅಪರಾಧ ನಡೆದ ದಿನ ಹುಡುಗಿಗೆ ಹದಿನೆಂಟು ವರ್ಷ ಮೂರು ತಿಂಗಳು.

ಕೊಠಡಿಯಿಂದ ಹೊರಬಂದ ಮೇಲೆ ಮೆಟ್ಟಿಲ ಹತ್ತಿರ ತಾಯಿ ನನ್ನನ್ನು ನಿಲ್ಲಿಸಿದರು. "ಟೀಚರಮ್ಮ, ನಾನು ಹಂಗೆ ಹೇಳಿರ್ಲಿಲ್ಲ ಅಲ್ವಾ? ಯುಗಾದಿ ಆದ್ಮೇಲೆ ಹುಟ್ಟಿದ್ದು ಅಂತ ಅಂದಿದ್ದೆ. ನೀವೇ ಅಲ್ವಾ..."

"ಹುಟ್ಟಿದ ಸರ್ಟಿಫಿಕೇಟ್ ಹುಡುಕೋಣ. ಅದು ಸಿಕ್ಕಿದರೆ ಎಲ್ಲ ಸರಿಹೋಗುತ್ತೆ" ಎಂದೆ. ವಿಚಾರಣೆ ಮುಂದಿನ ವಾರದ ಗುರುವಾರ. ನಡುವೆ ಎಂಟು ದಿನ.

ನಡೆದದ್ದು ಹೀಗೆ. ಒಂದನೆಯ ತರಗತಿಗೆ ಸೇರಿಸಲು ಆಗ ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ಈ ಮಗುವಿಗೆ ಐದು ವರ್ಷ ಎರಡು ತಿಂಗಳೂ ಆಗಿರಲಿಲ್ಲ. ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ಮಗು ಜಲ್ಲಿ ರಾಶಿಯ ಪಕ್ಕದಲ್ಲಿ ಆಡಿಕೊಂಡಿರುತ್ತಿತ್ತು. ವಾಪಸು ಕಳಿಸಿದರೆ ಇನ್ನೊಂದು ವರ್ಷ ಅಲ್ಲೇ. ಅಂಥ ಮಕ್ಕಳಿಗೆ ನಾವು ಜೂನ್ ಒಂದು ಎಂದು ಬರೆಯುತ್ತಿದ್ದೆವು. ನನಗಿಂತ ಹಿಂದಿನವರೂ ಬರೆದಿದ್ದರು. ನಾನು ಆರು ವರ್ಷಕ್ಕೆ ಸರಿಯಾಗಿ ಲೆಕ್ಕ ಹಾಕಿ ಬರೆದು, ಅರ್ಜಿಯ ಕೆಳಗೆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡೆ. ಏನು ಬರೆದಿದೆ ಎಂದು ಓದಿ ಹೇಳಲಿಲ್ಲ. "ಸೀಟು ಆಯ್ತು, ಸೋಮವಾರದಿಂದ ಕಳಿಸಿ" ಎಂದೆ. ಅವರು ಕೈ ಮುಗಿದಿದ್ದರು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ತಾಯಿಯೊಂದಿಗೆ ಜನನ ನೋಂದಣಿ ಕಚೇರಿಗೆ ಹೋದೆ. ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು ಹೊಡೆದು ಎರಡು ವರ್ಷಗಳನ್ನು ತಡಕಿದರು. ಇಲ್ಲ. ಹೆಸರಿನ ಮೂರು ಬಗೆಯ ಬರಹ ಕೊಟ್ಟು ಮತ್ತೆ ಹುಡುಕಿಸಿದೆ. ಇಲ್ಲ. ಮಧ್ಯಾಹ್ನ ಮೂರಕ್ಕೆ "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಕೈಗೆ ಬಂತು. ಈ ಕಾಗದ ಹುಡುಗಿಗೆ ಇನ್ನಷ್ಟು ಕೆಡುಕು ಎಂಬುದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ನೋಂದಣಿಯೇ ಇಲ್ಲವೆಂದಾದರೆ ಉಳಿಯುವುದು ನನ್ನ ರಿಜಿಸ್ಟರ್ ಒಂದೇ.

ಗುರುವಾರ ಹೆರಿಗೆ ಆಸ್ಪತ್ರೆಗೆ ಹೋದೆವು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿದ್ದರು. ಹಳೆಯ ಪುಸ್ತಕಗಳು ಹಿಂಬದಿಯ ಉಗ್ರಾಣದಲ್ಲಿವೆ, ಬೀಗದ ಕೈ ಇರುವ ನೌಕರ ಮಗಳ ಮದುವೆಗೆಂದು ರಜೆಯಲ್ಲಿದ್ದಾನೆ, ಸೋಮವಾರ ಬರುತ್ತಾನೆ ಎಂದರು. ಶನಿವಾರ ಎರಡನೆಯ ಶನಿವಾರ, ಕಚೇರಿಗಳಿಗೆ ರಜೆ. ನಾನು ಡೈರಿಯಲ್ಲಿ ಮೂರು ದಿನಗಳ ಮುಂದೆ ಅಡ್ಡಗೀಟು ಎಳೆದೆ.

ಶುಕ್ರವಾರ ಜರಗನಹಳ್ಳಿಯ ಅವರ ಬಾಡಿಗೆ ಮನೆಗೆ ಹೋದೆ. ತಾಯಿಯ ಹತ್ತಿರ ಹಳೆಯ ಚುಚ್ಚುಮದ್ದಿನ ಚೀಟಿಯಾದರೂ ಇದ್ದೀತೆಂಬ ಆಸೆ. ಟ್ರಂಕನ್ನೆಲ್ಲ ಕೆಳಗೆ ಸುರಿದರೂ ಸಿಗಲಿಲ್ಲ. ಹುಡುಗಿ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಲೆಕೂದಲು ಕಿವಿಯ ಮಟ್ಟಕ್ಕೆ ಕತ್ತರಿಸಿತ್ತು.

"ಯಾಕಮ್ಮಾ ಕತ್ತರಿಸಿಕೊಂಡೆ? ಎರಡು ಜಡೆ ಹಾಕ್ಕೊಂಡು ಬರ್ತಿದ್ದೆ."

"ಪಾರ್ಲರಿಗೆ ಹೋಗೋಕೆ ಭಯ ಮಿಸ್. ಅಮ್ಮಾನೇ ಕತ್ತರೀಲಿ ಕಟ್ ಮಾಡಿದ್ದು. ಮಗ್ಗಿ ತಪ್ಪಿದ್ರೆ ನೀವು ಕಿವಿ ಹಿಂಡ್ತಿದ್ರಲ್ಲ, ಈಗ ಈಸಿಯಾಗಿ ಸಿಗುತ್ತೆ ನೋಡಿ" ಎಂದು ಅರೆಕ್ಷಣ ನಕ್ಕಳು. ಆಮೇಲೆ ಅವರೆಕಾಯಿಯ ಕಡೆಗೆ ನೋಡುತ್ತಲೇ ಕೇಳಿದಳು: "ಮಿಸ್, ಆಯಮ್ಮ ಯಾವಾಗ ಹೊರಗೆ ಬರ್ತಾಳೆ?"

"ಕೋರ್ಟು ತೀರ್ಮಾನ ಮಾಡುತ್ತೆ."

"ಏಳು ವರ್ಷ ಅಂದ್ರೆ ಇನ್ನೈದೇ ವರ್ಷ ಇರೋದು. ನಾನು ಲೆಕ್ಕ ಹಾಕಿದೀನಿ. ಅವಳ ಮನೆ ಇಲ್ಲೇ ಹಿಂದಿನ ರೋಡು. ಜೈಲಿಂದ ಹೇಳಿ ಕಳಿಸಿದಾಳೆ, ಬಂದ್ಮೇಲೆ ಮಾತಾಡ್ತೀನಿ ಅಂತ. ನಂಗೆ ಇಪ್ಪತ್ತನಾಲ್ಕಾಗಿರುತ್ತೆ. ಆಗಲೂ ನಾನು ಬಾಗಿಲು ಹಾಕ್ಕೊಂಡೇ ಕೂತಿರ್ಬೇಕಾ?"

"ಬಿಡೇ, ಟೀಚರಮ್ಮನ್ನ ಯಾಕೆ ಕೇಳ್ತೀಯ" ಎಂದರು ತಾಯಿ, ಬಟ್ಟೆಗಳನ್ನು ಮತ್ತೆ ಟ್ರಂಕಿಗೆ ತುಂಬುತ್ತ. ನಾನು ಅಲ್ಲಿ ಕಾಫಿ ಕುಡಿಯಲಿಲ್ಲ.

ಆ ಪಾರ್ಲರ್ ಹೆಂಗಸು ನನಗೂ ಗೊತ್ತಿದ್ದವಳೇ. ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುವ ಮಕ್ಕಳಿಗೆ ಮುಖಕ್ಕೆ ಬಣ್ಣ ಹಚ್ಚಲು ಮೂರು ವರ್ಷ ನಾನೇ ಅವಳನ್ನು ಕರೆಸಿದ್ದೆ. ತಾಯಂದಿರು ಅವಳನ್ನು ಮೊದಲು ಕಂಡದ್ದು ನನ್ನ ಕೊಠಡಿಯಲ್ಲಿ.

ಭಾನುವಾರ ಸ್ನಾನ, ಪೂಜೆ, ತಿಂಡಿ ಎಂದಿನ ಹೊತ್ತಿಗೇ ಮುಗಿಸಿ ಬುಧವಾರದ ಹಿಂಬರಹವನ್ನು ಮತ್ತೊಮ್ಮೆ ಓದಿದೆ. ನಾಲ್ಕನೆಯ ಸಲ ಓದುವಾಗ ನಮ್ಮ ತಪ್ಪು ಕಂಡಿತು. ನಾವು ಮಗುವಿನ ಹೆಸರಿನಿಂದ ಹುಡುಕಿಸಿದ್ದೆವು. ಹುಟ್ಟಿದ ದಿನ ಮಗುವಿಗೆ ಹೆಸರೆಲ್ಲಿರುತ್ತದೆ? ನಾಮಕರಣವಾದ ಮೇಲೆ ಯಾರೂ ಕಚೇರಿಗೆ ಹೋಗಿ ಹೆಸರು ಸೇರಿಸದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಮೂವತ್ತು ವರ್ಷ ರಿಜಿಸ್ಟರ್ ಬರೆದವಳಿಗೆ ಇದು ಮೊದಲ ದಿನವೇ ತಿಳಿಯಬೇಕಿತ್ತು.

ತಾಯಿಗೆ ಫೋನ್ ಮಾಡಿ ಕೇಳಿದೆ. "ಆ ದಿನ ಏನಾದರೂ ನೆನಪಿದೆಯಾ? ಹಬ್ಬ, ಅಮಾವಾಸ್ಯೆ, ಏನಾದರೂ?"

"ನೋವು ತಿಂತಾ ಆಟೋದಲ್ಲಿ ಹೋಗ್ತಿದ್ನಾ, ದಾರಿ ತುಂಬಾ ಪಾನಕ ಕೊಡ್ತಿದ್ರು ಟೀಚರಮ್ಮ. ಆಟೋದವನು ನಿಲ್ಲಿಸಿ ಒಂದು ಲೋಟ ಕುಡಿದ. ನಾನು ಅವನಿಗೆ ಹಾಕಿದ ಶಾಪ ಇವತ್ತಿಗೂ ತಟ್ಟುತ್ತಿರ್ಬೇಕು."

ರಾಮನವಮಿ. ಆ ವರ್ಷದ ಪಂಚಾಂಗದ ದಿನವನ್ನು ಮೊಮ್ಮಗಳ ಫೋನಿನಲ್ಲಿ ತೆಗೆಸಿದೆ: ಏಪ್ರಿಲ್ ಆರು.

ತಾಯಿಯ ನೆನಪೊಂದನ್ನೇ ಹಿಡಿದು ಹೋದರೆ ನೋಂದಣಿ ಕಚೇರಿಯವರು ಮತ್ತೆ ಹುಡುಕಲಾರರೆಂದು, ಸೋಮವಾರ ಒಂಬತ್ತೂವರೆಗೆ ಆಸ್ಪತ್ರೆಯ ಉಗ್ರಾಣದ ಮುಂದೆ ನಿಂತಿದ್ದೆವು. ನೌಕರ ಹತ್ತೂ ಮುಕ್ಕಾಲಿಗೆ ಬಂದ. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಇನ್ನೂ ಮದುವೆಯ ಕಂಕಣದ ದಾರ.

"ಆಂಟಿ, ಅಷ್ಟು ಹಳೇದೆಲ್ಲ ಇಲಿಗಳು ಓದಿ ಪಾಸಾಗಿ ಹೋಗಿರ್ತವೆ" ಎಂದ.

"ಫೇಲಾದವು ಇದ್ದೇ ಇರುತ್ತವೆ. ಬೀಗ ತೆಗಿಯಪ್ಪ" ಎಂದೆ.

ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸಿರಲಿಲ್ಲ. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು, ಅವನು ಮತ್ತು ತಾಯಿ ತಂದುಕೊಟ್ಟದ್ದನ್ನು ಒಂದೊಂದಾಗಿ ತೆರೆದು, ವರ್ಷ ನೋಡಿ, ಬೇಡದ್ದನ್ನು ಎಡಕ್ಕೆ ಇಟ್ಟೆ. ಕೆಲವು ಪುಟಗಳು ತೇವಕ್ಕೆ ಅಂಟಿಕೊಂಡಿದ್ದವು. ಒಂದು ಗಂಟೆಯ ಹೊತ್ತಿಗೆ ಬೇಕಾದ ವರ್ಷದ ಪುಸ್ತಕ ಸಿಕ್ಕಿತು, ಆದರೆ ಅದು ಜುಲೈನಿಂದ ಶುರುವಾಗಿತ್ತು. ತಾಯಿ ನೆಲದ ಮೇಲೆ ಕುಳಿತುಬಿಟ್ಟರು. "ಸಾಕು ಬಿಡಿ ಟೀಚರಮ್ಮ. ನಮ್ಮ ಹಣೇಬರಾನೇ ಇಷ್ಟು."

"ಏಳಿ. ಆ ಮೂಲೆ ಇನ್ನೂ ನೋಡಿಲ್ಲ" ಎಂದೆ. ನನಗೂ ನಂಬಿಕೆ ಉಳಿದಿರಲಿಲ್ಲ.

ಎರಡೂ ಇಪ್ಪತ್ತಕ್ಕೆ ಆ ಮೂಲೆಯಿಂದ ಹೆರಿಗೆ ಪುಸ್ತಕ ಬಂತು. ಏಪ್ರಿಲ್ ಆರು, ಸಂಜೆ ಐದು ಗಂಟೆ. ತಾಯಿಯ ಹೆಸರು, ಗಂಡನ ಹೆಸರು, ಹೆಣ್ಣು, ಎರಡು ಕಿಲೋ ನಾನೂರು. ನಾನು ಬರೆದುಕೊಂಡು ಲೆಕ್ಕ ಹಾಕಿದೆ. ಅಪರಾಧ ನಡೆದ ದಿನ ಅವಳಿಗೆ ಹದಿನೇಳು ವರ್ಷ ಐದು ತಿಂಗಳು. ತಾಯಿ ಓದಲಾರದ ಆ ಸಾಲಿನ ಮೇಲೆ ಬೆರಳಿಟ್ಟು ಅತ್ತರು. ನೌಕರ ನೀರು ತಂದುಕೊಟ್ಟ.

ಆಸ್ಪತ್ರೆಯ ಈ ದಿನಾಂಕ ಹಿಡಿದು ನೋಂದಣಿ ಕಚೇರಿಯಲ್ಲಿ ತಾಯಿಯ ಹೆಸರಿನಿಂದ ಹುಡುಕಿಸಿದರೆ ಎರಡು ನಿಮಿಷದಲ್ಲಿ ಸಿಕ್ಕಿತು. ಮಗುವಿನ ಹೆಸರಿನ ಜಾಗ ಖಾಲಿ. ಮಂಗಳವಾರ ಮಧ್ಯಾಹ್ನ ಜನನ ಪ್ರಮಾಣಪತ್ರ ಕೈಗೆ ಬಂತು. ನಾನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನೇರವಾಗಿ ವಕೀಲೆಯ ಕೊಠಡಿಗೆ ಹೋದೆ. ನನ್ನ ಪಾಲಿನ ಕೆಲಸ ಮುಗಿಯಿತು ಎಂಬ ಹಗುರು ಇತ್ತು. ನಿಜ ಹೇಳಬೇಕೆಂದರೆ, ನಾನು ಬಾಯಿ ಬಿಡದೆ ಪಾರಾದೆ ಎಂಬ ಹಗುರು.

ವಕೀಲೆ ಎರಡು ಸಲ ಓದಿದರು. "ಒಳ್ಳೆ ಕೆಲಸ ಮೇಡಂ. ಆದ್ರೆ ಇದು ಸಾಲಲ್ಲ."

"ಯಾಕೆ?"

"ವಯಸ್ಸಿನ ವಿಷಯದಲ್ಲಿ ಕಾನೂನು ಮೊದಲು ನೋಡೋದು ಶಾಲೆ ದಾಖಲೆ. ಅದು ಇಲ್ಲ, ಅಥವಾ ನಂಬೋ ಹಾಗಿಲ್ಲ ಅಂದ್ರೇನೇ ಇದಕ್ಕೆ ಬರೋದು. ನಿಮ್ಮ ರಿಜಿಸ್ಟರ್ ಕನ್ನಡಿ ಥರ ಇದೆ, ಒಂದು ತಿದ್ದುಪಡಿ ಇಲ್ಲ. ಪೋಷಕರ ಹೇಳಿಕೆ ಅಂತ ಬೇರೆ ಇದೆ. ತಾಯೀನ ನಿಲ್ಲಿಸಿ ‘ಅವತ್ತು ಸುಳ್ಳು ಹೇಳಿದ್ಯಾ, ಇವತ್ತು ಸುಳ್ಳು ಹೇಳ್ತಿದೀಯಾ’ ಅಂತ ಅವರು ಕೇಳ್ತಾರೆ. ಆಯಮ್ಮ ಏನು ಹೇಳಿದ್ರೂ ಮುಗೀತು. ಮಿಕ್ಕ ಸಾಕ್ಷ್ಯಾನೂ ಅಲುಗಾಡುತ್ತೆ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ನಾನು ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿಕೊಂಡೆ.

"ತಾಯಿ ಏನೂ ಹೇಳಿರಲಿಲ್ಲ" ಎಂದೆ. "ನಾನೇ ಬರೆದದ್ದು. ಕಳೆದ ವಾರ ನಿಮ್ಮ ಮುಂದೆಯೂ ಸುಳ್ಳು ಹೇಳಿದೆ."

ವಕೀಲೆ ಪೆನ್ನು ಕೆಳಗಿಟ್ಟರು. ಬೈದಿದ್ದರೆ ಸುಲಭವಾಗಿರುತ್ತಿತ್ತು. "ಇದನ್ನ ಕೋರ್ಟಲ್ಲಿ ಹೇಳ್ತೀರಾ? ಸರ್ಕಾರಿ ದಾಖಲೆ ಸುಳ್ಳು ಬರೆದಿದ್ದು. ಇಲಾಖೆಗೆ ಪತ್ರ ಹೋಗಬಹುದು. ಪಿಂಚಣಿಗೆ ತೊಂದರೆ ಆಗಬಹುದು. ಆಗಲ್ಲ ಅಂತ ನಾನು ಮಾತು ಕೊಡಲ್ಲ."

"ಇನ್ನೂ ಒಂದು ತೊಂದರೆ ಇದೆ" ಎಂದೆ. "ಇವಳೊಬ್ಬಳೇ ಅಲ್ಲ." ರಿಜಿಸ್ಟರಿನ ಆ ವರ್ಷದ ಪುಟಗಳನ್ನು ತಿರುಗಿಸಿ ತೋರಿಸಿದೆ. ನಲವತ್ತಮೂರು ಮಕ್ಕಳಲ್ಲಿ ಹದಿನಾಲ್ಕು ಜೂನ್ ಒಂದು. ಒಬ್ಬಳ ಬಗ್ಗೆ ಹೇಳಿದರೆ ಹದಿನಾಲ್ವರ ಬಗ್ಗೆಯೂ ಹೇಳಿದಂತೆ. ಅವರಿಗೆಲ್ಲ ಈಗ ಕೆಲಸ, ಲೈಸೆನ್ಸು, ಪರೀಕ್ಷೆಯ ಅರ್ಜಿ ಎಲ್ಲವೂ ಆ ದಿನಾಂಕದ ಮೇಲೆಯೇ ನಿಂತಿವೆ. ಮಂಗಳವಾರ, ಬುಧವಾರ ಎರಡು ದಿನವೂ ನನ್ನನ್ನು ಕಾಡಿದ್ದು ಪಿಂಚಣಿಯಲ್ಲ, ಆ ಹದಿಮೂರು ಹೆಸರುಗಳು. ಒಂದನ್ನೂ ನಾನು ಮರೆತಿರಲಿಲ್ಲ. ಅಕ್ಷರ ಕಲಿಯಲೆಂದು ಕೊಟ್ಟ ಹತ್ತು ತಿಂಗಳು, ಕಡೆಗೆ ಅವಳನ್ನು ಮಾರಿದವರ ಉಪಯೋಗಕ್ಕೆ ಬಂದಿತ್ತು.

ಗುರುವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ನನ್ನ ಹೆಸರು ಕೂಗಿದರು. ಮುಚ್ಚಿದ ನ್ಯಾಯಾಲಯ, ಹೊರಗಿನವರು ಯಾರೂ ಇರಲಿಲ್ಲ. ತಾಯಿ, ಮಗಳು ಇಬ್ಬರನ್ನೂ ಬೇರೆ ಕೊಠಡಿಯಲ್ಲಿ ಕೂರಿಸಿದ್ದರು. ಸಾಕ್ಷಿ ಕಟ್ಟೆಗೆ ಹೋಗುವ ದಾರಿಯಲ್ಲೇ ಆರೋಪಿಗಳು ನಿಂತಿದ್ದರು.

"ನಮಸ್ಕಾರ ಮಿಸ್. ಚೆನ್ನಾಗಿದೀರಾ? ಸ್ವಲ್ಪ ಇಳಿದುಹೋಗಿದೀರ" ಎಂದಳು ಆ ಹೆಂಗಸು, ಮಾರುಕಟ್ಟೆಯಲ್ಲಿ ಸಿಕ್ಕವಳಂತೆ.

ನಾನು ಕಟ್ಟೆ ಹತ್ತಿದೆ. ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಸರ್ಕಾರಿ ವಕೀಲೆ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಗು ಬಂದ ದಿನ, ತಾಯಿ ಹೇಳಿದ್ದು, ನಾನು ಬರೆದದ್ದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದ್ದು. ಆಮೇಲೆ ಆರೋಪಿಗಳ ವಕೀಲರು ಪಾಟಿ ಸವಾಲಿಗೆ ಎದ್ದರು. ಬಹಳ ನಯದ ಮಾತಿನವರು.

"ಮೇಡಂ, ನಿಮ್ಮ ಹತ್ರ ಓದಿದೋರನ್ನೆಲ್ಲ ವಿಚಾರಿಸಿದೀನಿ. ತುಂಬಾ ಸ್ಟ್ರಿಕ್ಟ್ ಅಂತೆ. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಸೊಟ್ಟ ಆದ್ರೂ ಟೀಚರ್‌ಗಳನ್ನ ನಿಲ್ಲಿಸಿ ಕೇಳ್ತಿದ್ರಂತೆ. ನಿಜಾನಾ?"

"ನಿಜ."

"ಅಂಥವರು ಸರ್ಕಾರಿ ರಿಜಿಸ್ಟರಲ್ಲಿ ಸುಳ್ಳು ಬರೆದ್ರಿ ಅಂದ್ರೆ ಯಾರು ನಂಬ್ತಾರೆ? ಹುಡುಗಿ ಮೇಲಿನ ಕನಿಕರಕ್ಕೆ ಸುಳ್ಳು ಹೇಳ್ತಿರೋದು ಅವತ್ತಲ್ಲ, ಇವತ್ತು. ಹೌದಲ್ವಾ?"

"ಅಲ್ಲ. ರಿಜಿಸ್ಟರಿನಲ್ಲಿ ಆ ವರ್ಷದ ಪುಟಗಳನ್ನು ನೋಡಿ. ಹದಿನಾಲ್ಕು ಮಕ್ಕಳು ಜೂನ್ ಒಂದಕ್ಕೆ ಹುಟ್ಟಿದ್ದಾರೆ."

"ಕಾಕತಾಳೀಯ ಇರಬಹುದು."

"ನಲವತ್ತಮೂರರಲ್ಲಿ ಹದಿನಾಲ್ಕು ಹೆರಿಗೆ ಒಂದೇ ದಿನವಾ, ಸಾರ್?"

ಕೋರ್ಟಿನ ಗುಮಾಸ್ತರು ತಲೆ ತಗ್ಗಿಸಿ ನಕ್ಕರು. ವಕೀಲರು ನಗಲಿಲ್ಲ. "ಹಾಗಾದ್ರೆ ಹದಿನಾಲ್ಕೂ ಸುಳ್ಳು ಅಂತ ಒಪ್ಕೋತೀರಿ. ಹೆಸರುಗಳನ್ನ ಓದ್ಲಾ?"

"ಓದಬೇಡಿ" ಎಂದೆ. "ಬರೆದವಳು ನಾನು. ಅವರಿಗೆ ಗೊತ್ತೂ ಇಲ್ಲ."

ನ್ಯಾಯಾಧೀಶರು ಕೈ ಎತ್ತಿದರು. "ಆ ಮಕ್ಕಳ ಹೆಸರು ಈ ಕೇಸಿಗೆ ಬೇಕಿಲ್ಲ. ಮುಂದಕ್ಕೆ ಹೋಗಿ."

ಪಾಟಿ ಸವಾಲು ಇನ್ನೂ ಮುಕ್ಕಾಲು ಗಂಟೆ ನಡೆಯಿತು. ಅವರು ತಿರುಗಿಸಿ ತಿರುಗಿಸಿ ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ಜನನ ಪ್ರಮಾಣಪತ್ರಕ್ಕೆ ಸಾಕ್ಷ್ಯದ ದಾಖಲೆಯೆಂದು ನಿಶಾನೆ ಸಂಖ್ಯೆ ಬಿತ್ತು. ವಯಸ್ಸಿನ ಬಗ್ಗೆ ತೀರ್ಮಾನವನ್ನು ಅಂತಿಮ ತೀರ್ಪಿನಲ್ಲೇ ಹೇಳುವುದಾಗಿ ನ್ಯಾಯಾಧೀಶರು ತಿಳಿಸಿದರು. ಆದ್ದರಿಂದ ಹತ್ತೋ, ಏಳೋ, ಜೀವಾವಧಿಯೋ ಎಂಬುದು ಅಂದು ಗೊತ್ತಾಗುವಂತಿರಲಿಲ್ಲ. ಉಳಿದ ಕೆಲಸ ಒಂದೇ. ಬೆರಳಚ್ಚಾದ ನನ್ನ ಹೇಳಿಕೆಯನ್ನು ಓದಿ ಸಹಿ ಮಾಡುವುದು.

ಐದು ಪುಟಗಳಿದ್ದವು. ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಎರಡನೆಯ ಪುಟದಲ್ಲಿ ಹೀಗಿತ್ತು: "ಸದರಿ ದಿನಾಂಕವನ್ನು ನಾನು ಕಣ್ತಪ್ಪಿನಿಂದ ನಮೂದಿಸಿರುತ್ತೇನೆ." ನಾನು ಹಾಗೆ ಹೇಳಿರಲಿಲ್ಲ. ವಯಸ್ಸಾದವಳೆಂದು ನ್ಯಾಯಾಧೀಶರು ಮೃದುವಾಗಿ ಬರೆಸಿದ್ದರು. ಪಕ್ಕದಲ್ಲಿದ್ದ ಸರ್ಕಾರಿ ವಕೀಲೆಯೂ ಆ ಸಾಲನ್ನು ಓದಿದರು. ಸಾಕ್ಷಿಗೆ ವಕೀಲರು ಹೇಳಿಕೊಡುವಂತಿರಲಿಲ್ಲ.

ಕಣ್ತಪ್ಪು ಎಂದರೆ ಎದುರಿಗೆ ಸರಿಯಾದ ಕಾಗದವೊಂದಿತ್ತು, ನೋಡಿ ಬರೆಯುವಾಗ ಎಡವಿದೆ ಎಂದಾಗುತ್ತದೆ. ಆಗ ತಪ್ಪು ಎಷ್ಟು ದಿನದ್ದೆಂದು ಯಾರೂ ಹೇಳಲಾರರು, ರಿಜಿಸ್ಟರಿಗೆ ಆಧಾರ ಉಳಿಯುತ್ತದೆ. ಆ ಆಧಾರ ಉಳಿದರೆ ಆ ಹೆಂಗಸಿಗೆ ಇನ್ನೈದೇ ವರ್ಷ.

"ಸ್ವಾಮಿ, ಈ ಸಾಲು ತಿದ್ದಬೇಕು" ಎಂದೆ.

ನ್ಯಾಯಾಧೀಶರು ಓದಿ, ನನ್ನನ್ನು ನೋಡಿದರು. "ಅಮ್ಮಾ, ಯೋಚನೆ ಮಾಡಿ ಹೇಳಿ. ಬೇರೆ ಥರ ಬರೆದ್ರೆ ಇದರ ಒಂದು ಪ್ರತಿಯನ್ನ ಇಲಾಖೆಗೆ ಕಳಿಸಬೇಕಾಗುತ್ತೆ. ಆಮೇಲೆ ಏನಾದ್ರೂ ಆದ್ರೆ ನನ್ನ ಕೈಯಲ್ಲಿರಲ್ಲ."

"ಕಳಿಸಿ. ಕಣ್ತಪ್ಪಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಬರೆದೆ."

ಬೆರಳಚ್ಚುಗಾರರು ಪುಟ ತಿದ್ದಿ ಮತ್ತೆ ಮುದ್ರಿಸಿಕೊಟ್ಟರು. "ಯಾವುದೇ ದಾಖಲೆಯನ್ನು ನೋಡದೆ, ಮಗುವಿಗೆ ವಯಸ್ಸು ಸಾಲದೆಂದು ತಿಳಿದಿದ್ದೂ, ಸದರಿ ದಿನಾಂಕವನ್ನು ನಾನೇ ನಮೂದಿಸಿರುತ್ತೇನೆ. ತಾಯಿಯು ಈ ದಿನಾಂಕವನ್ನು ಹೇಳಿರುವುದಿಲ್ಲ." ಎರಡು ಸಲ ಓದಿದೆ. ತಪ್ಪಿರಲಿಲ್ಲ. ಒಂದನೆಯ ಪುಟದಿಂದ ಐದನೆಯ ಪುಟದವರೆಗೆ ಸಹಿ ಮಾಡಿ, ಕೊನೆಯ ಸಹಿಯ ಕೆಳಗೆ ದಿನಾಂಕ ಬರೆದು, ಕಾಗದಗಳನ್ನು ಗುಮಾಸ್ತರ ಕೈಗೆ ಕೊಟ್ಟೆ. ಆಗ ಗಂಟೆ ನಾಲ್ಕೂ ಐವತ್ತು.